ಅಳುವವರು ಬಂದಾಗ

ನಮ್ಮ ಟಿ.ವಿ.ಗೆ ಬಿಳಿ ಬಟ್ಟೆ ಹೊದಿಸಿದವಳು ಬಿಬಿನೂರ್ ಅತ್ತೆ. ನನ್ನ ತಮ್ಮ ತಲ್ಗತ್‌ನ ಹೆಣ ಮನೆಗೆ ಬರುವ ಮೊದಲೇ ಆಕೆ ಬಂದು ಕನ್ನಡಿಗೆ, ಟಿ.ವಿ.ಗೆ, ಅವನ ಗಿಟಾರಿಗೆ, ಹೊಳೆಯುವ, ಸದ್ದು ಮಾಡುವ ಎಲ್ಲದಕ್ಕೂ ಬಟ್ಟೆ ಮುಚ್ಚಿದಳು. ನಲವತ್ತನೆಯ ದಿನದ ಊಟ ಮುಗಿಯುವ ತನಕ ಈ ಮನೆಯಲ್ಲಿ ಸತ್ತವನಿಗಾಗಿ ಅಳುವ ಹಾಡು ಬಿಟ್ಟು ಬೇರೆ ಹಾಡು ಕೇಳಿಸಕೂಡದು ಅಂದಳು. ಅಪ್ಪನ ಅಕ್ಕ, ಆಕೆಯ ಮಾತಿಗೆ ಎದುರಿಲ್ಲ. ನಾನೂ ಎದುರಾಡಲಿಲ್ಲ. ಎದುರಾಡುವುದಕ್ಕೆ ಮನಸ್ಸು ಅನ್ನುವುದೊಂದು ಬೇಕಲ್ಲ.

ಹೆದ್ದಾರಿಯ ಮಂಜುಗಡ್ಡೆಯ ಮೇಲೆ ಕಾರು ಜಾರಿತು, ಅಷ್ಟೇ ಕತೆ. ನಮ್ಮೂರು ತೆಮಿರ್ತಾವ್‌ನಲ್ಲಿ ಪ್ರತಿ ಚಳಿಗಾಲ ಯಾರದೋ ಮನೆಗೆ ಇಂಥ ಫೋನು ಬರುತ್ತದೆ. ಈ ಸಲ ನಮ್ಮ ಮನೆಗೆ ಬಂತು. ನಾನು ಫೋನಿಟ್ಟು, ಸಿಂಕಿನಲ್ಲಿದ್ದ ಪಾತ್ರೆ ತೊಳೆದೆ. ಇಂದಿಗೂ ಹಾಗೇ ತೊಳೆಯುತ್ತಿದ್ದೇನೆ ಅನ್ನಿ.

ನನ್ನದು ಬಿಡಿ. ಅಮ್ಮ ಹಾಡಲೇ ಇಲ್ಲ. ನಮ್ಮಲ್ಲಿ ಸಾವಿನ ಮನೆಗೆ ಬರುವ ಗಂಡಸರು ಕೆಳಗಿನ ಮೆಟ್ಟಿಲಿನಿಂದಲೇ ಬೊಬ್ಬಿಟ್ಟು ಅಳುತ್ತ ಬರುತ್ತಾರೆ. ಆ ಸದ್ದು ಕೇಳಿದ ಕೂಡಲೇ ಮನೆಯ ಹೆಂಗಸು ಎದ್ದು, ಸತ್ತವನ ಹೆಸರೆತ್ತಿ ಹಾಡಿ ಉತ್ತರ ಕೊಡಬೇಕು. ಅಪ್ಪ ಹೋದಾಗ ಅಮ್ಮ ಹಾಡಿದ್ದನ್ನು ಕೇಳಿ, ಒಂದಕ್ಷರ ಅರ್ಥವಾಗದ ಕೆಳಮನೆಯ ರಷ್ಯನ್ ಮುದುಕಿಯೂ ಅತ್ತಿದ್ದಳು. ಈ ಸಲ ಅಮ್ಮ ಎದ್ದಳು, ಬಂದವರನ್ನು ತಬ್ಬಿಕೊಂಡಳು, ಕೂತಳು. ಎರಡು ಗುಟುಕು ಚಹಾ ಬಿಟ್ಟರೆ ಬೇರೇನೂ ಒಳಗೆ ಇಳಿಯುತ್ತಿರಲಿಲ್ಲ. ದಿನದಿನಕ್ಕೂ ಸಣ್ಣಗಾಗುತ್ತಿದ್ದಳು.

"ನಾಳೆ ನಲವತ್ತು. ಅದಾದ್ಮೇಲೆ ಅಳೋ ಹಾಡು ಹಾಡೋ ಹಂಗಿಲ್ಲ," ಅತ್ತೆ ಎಣ್ಣೆಗೆ ಶೆಲ್ಪೆಕ್ ರೊಟ್ಟಿ ಬಿಡುತ್ತ ಅಂದಳು. "ದುಃಖ ಒಳಗೇ ಇಟ್ಕೊಂಡ್ರೆ ಅದು ನಿಮ್ಮಮ್ಮನ್ನೇ ತಿನ್ನುತ್ತೆ ಕಣೇ ಸಾಂದು. ನಮ್ಮ ಚಿಕ್ಕಮ್ಮ ಹಂಗೇ ಹೋಗಿದ್ದು. ಅಳದೆ ಅಳದೆ, ಒಂದಿನ ಹಾಸಿಗೆಯಿಂದ ಏಳಲೇ ಇಲ್ಲ."

"ಅದಕ್ಕೆ ನಾನೇನ್ ಮಾಡ್ಲಿ ಅತ್ತೆ? ಚಿವುಟಿ ಅಳಿಸ್ಲಾ?"

"ನೀನೆಲ್ಲಿ ಅತ್ತಿದೀಯ? ತಾಯಿಗೆ ತಕ್ಕ ಮಗಳು."

ಅಷ್ಟರಲ್ಲಿ ತಲ್ಗತ್‌ನ ಗೆಳೆಯ ವಿತ್ಯಾ ಬಂದ. ನಮ್ಮೂರಲ್ಲೇ ನೆಲೆಸಿದ ಜರ್ಮನ್ನರ ಹುಡುಗ, ಬೊಬ್ಬಿಟ್ಟು ಬರುವುದು ಅವನಿಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ನನ್ನ ಕೈಗೆ ಒಂದು ಪೆನ್‌ಡ್ರೈವ್ ತುರುಕಿದ.

"ಅಕ್ಕಾ, ತೆಮಿರ್ ಜೆಲ್ ಬ್ಯಾಂಡಿಂದು. ಅಲ್ಮಾಟಿ ಶೋ. ಈಗಷ್ಟೇ ಪೂರ್ತಿ ರೆಕಾರ್ಡಿಂಗ್ ಬಿಟ್ಟಿದಾರೆ. ತಲ್ಗತ್ ಮುಂದಿನ ಸಾಲಲ್ಲೇ ಇದಾನೆ. ಮೂರನೇ ಹಾಡಲ್ಲಿ ನೋಡಿ." ಆಮೇಲೆ ನೆಲ ನೋಡಿಕೊಂಡು, "ನಲವತ್ತು ಮುಗೀಲಿ ಅಂತಿದ್ದೆ. ಇಟ್ಕೊಳ್ಳೋಕೆ ಆಗ್ಲಿಲ್ಲ," ಅಂದ. ಚಹಾಕ್ಕೂ ನಿಲ್ಲದೆ ಹೊರಟುಹೋದ.

ಭಾನುವಾರ ಬಂತೆಂದರೆ ತಲ್ಗತ್‌ಗೆ ಇದೇ ಕೆಲಸ. ಹಾಲ್‌ನಲ್ಲಿ ಕೂತು ತೆಮಿರ್ ಜೆಲ್‌ನ ಹಳೆಯ ಶೋಗಳನ್ನು ಗೋಡೆ ಅದುರುವ ಹಾಗೆ ಹಾಕುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಬೈಯುತ್ತಿದ್ದಳು. "ಯಾರ ಮನೇಲಿ ಹೆಣ ಬಿದ್ದಿದೆಯೋ? ಯಾಕೋ ಈ ಹಾಡೋನು ಹಿಂಗೆ ಬಾಯ್ ಬಡ್ಕೊತಾನೆ?"

"ಎಲ್ಲಾರ ಮನೇದೂ ಸೇರಿಸಿ ಒಂದೇ ಸಲ ಅಳ್ತಾನಮ್ಮ. ನಿಂಗೆ ಅಳೋ ಕೆಲಸ ತಪ್ತು."

ಪಾತ್ರೆ ಒರೆಸುವ ಬಟ್ಟೆಯಿಂದ ಅವನ ಬೆನ್ನಿಗೊಂದು ಬೀಳುತ್ತಿತ್ತು.

ನಾನು ಹಾಲ್‌ಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅಮ್ಮ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಟಿ.ವಿ.ಯ ಬಟ್ಟೆ ಸರಿಸಿದೆ. ತಪ್ಪು ಅನ್ನಿಸಲಿಲ್ಲ, ಸರಿ ಅಂತಲೂ ಅನ್ನಿಸಲಿಲ್ಲ. ರಿಮೋಟಿಗೆ ಧೂಳು ಕೂರಬಾರದೆಂದು ಅಮ್ಮ ಪ್ಲಾಸ್ಟಿಕ್ ಸುತ್ತಿಟ್ಟಿದ್ದಾಳೆ, ಗುಂಡಿ ಯಾವುದೆಂದು ಮೇಲಿನಿಂದ ಸರಿಯಾಗಿ ಕಾಣದು. ತಡಕಾಡಿ ಮೊದಲು ಸದ್ದು ಅಡಗಿಸಿದೆ. ಆಮೇಲೆ ಶೋ ಹಾಕಿದೆ.

ಸದ್ದಿಲ್ಲದ ಮೆಟಲ್ ಸಂಗೀತ ಅಂದರೆ ಏನು ಹೇಳಲಿ, ಉದ್ದ ಕೂದಲಿನ ನಾಲ್ಕು ಜನ ಏನೋ ಕಳೆದುಕೊಂಡು ನೆಲದಲ್ಲಿ ಹುಡುಕುತ್ತಿದ್ದ ಹಾಗಿತ್ತು. ಮೊದಲ ಹಾಡು ಹೋಯಿತು. ಎರಡನೆಯದೂ ಹೋಯಿತು. ನಾನು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವಳ ಹಾಗೆ ಕಾದೆ.

ಮೂರನೆಯದರಲ್ಲಿ ಬಂದ. ಕಂಬಿಗೆ ಎದೆ ಒತ್ತಿ, ಕಣ್ಣು ಮುಚ್ಚಿ, ಬಾಯಿ ಅಗಲಿಸಿ ಕೂಗುತ್ತಿದ್ದಾನೆ. ಅಷ್ಟು ಬೆವರಿನಲ್ಲೂ ಅಮ್ಮ ಹೆಣೆದ ಬೂದು ಉಣ್ಣೆಯ ಟೋಪಿ ತೆಗೆದಿರಲಿಲ್ಲ, ಕತ್ತೆ. ಕ್ಯಾಮೆರಾ ಅವನ ಮುಖದ ಮೇಲೆ ಒಂದಿಷ್ಟು ನಿಂತು ಮುಂದೆ ಹೋಯಿತು. ನನ್ನೊಳಗೆ ಏನಾದರೂ ಆಗುತ್ತದೇನೋ ಎಂದು ಕಾದೆ. ಏನೂ ಆಗಲಿಲ್ಲ. ಹಿಂದಕ್ಕೆ ಓಡಿಸಿದೆ, ಮತ್ತೆ ಬಂದ. ಅಲ್ಲೇ ನಿಲ್ಲಿಸೋಣವೆಂದು ಇನ್ನೊಂದು ಗುಂಡಿ ಒತ್ತಿದೆ.

ಒತ್ತಿದ್ದು ಬೇರೆಯ ಗುಂಡಿ. ಅಡಗಿದ್ದ ಸದ್ದು ತಲ್ಗತ್ ಇಟ್ಟುಹೋದ ಎತ್ತರದಲ್ಲೇ ಮನೆಯೊಳಗೆ ನುಗ್ಗಿತು. ಹಾಡುಗಾರ ಹೊಟ್ಟೆ ಹಿಂಡಿ ಅರಚಿದ, ಅವನ ಹಿಂದೆ ಸಾವಿರ ಗಂಡಸರು ಅರಚಿದರು. ಗಾಬರಿಯಲ್ಲಿ ರಿಮೋಟು ಕೈ ಜಾರಿ ಸೋಫಾದಡಿಗೆ ಹೋಯಿತು. ಮೊಣಕಾಲೂರಿ ತಡಕುತ್ತಿದ್ದೆ, ಆಗ ಇನ್ನೊಂದು ದನಿ ಕೇಳಿತು.

ಅಮ್ಮ ಹಾಡುತ್ತಿದ್ದಳು.

ದೂರದ ಊರಿನಿಂದ ಗಂಡಸರು ಅಳುತ್ತ ಮೆಟ್ಟಿಲು ಹತ್ತುತ್ತಿದ್ದಾರೆ ಅಂದುಕೊಂಡಿದ್ದಾಳೆ. ನಿದ್ದೆಗಣ್ಣಿನಲ್ಲಿ ಎದ್ದು, ಗೋಡೆ ಹಿಡಿದುಕೊಂಡು ಉತ್ತರ ಕೊಡುತ್ತ ಬರುತ್ತಿದ್ದಾಳೆ.

"ಟೋಪಿ ಹೆಣೆದೆನಲ್ಲೋ ಕಂದಾ, ತೊಡುವ ತಲೆಯೆಲ್ಲೋ. ದಾರಿ ಕಾದೆನಲ್ಲೋ ಕಂದಾ, ಬರುವ ಕಾಲೆಲ್ಲೋ."

ತಬ್ಬಿಕೊಳ್ಳಲು ಎರಡೂ ತೋಳು ಚಾಚಿಕೊಂಡೇ ಬಾಗಿಲು ತಳ್ಳಿದಳು. ಹಾಲ್‌ನಲ್ಲಿ ನೆಲಕ್ಕೆ ಬಿದ್ದಿದ್ದ ನಾನೊಬ್ಬಳೇ. ಎದುರಿಗೆ ಟಿ.ವಿ., ಕ್ಯಾಮೆರಾ ಮತ್ತೆ ತಿರುಗಿ ಬಂದು ಟಿ.ವಿ.ಯ ತುಂಬ ಬೂದು ಟೋಪಿ ಹಾಕಿಕೊಂಡು ಕೂಗುತ್ತಿರುವ ತಲ್ಗತ್.

ಅಮ್ಮನ ತೋಳು ಕೆಳಗಿಳಿಯಲಿಲ್ಲ. ಹಾಡೂ ನಿಲ್ಲಲಿಲ್ಲ. ಟಿ.ವಿ.ಯ ಮುಂದೆ ಕೂತು, ಅವನ ಕೂಗಿಗೆ ಒಂದೊಂದೇ ಸಾಲು ಕೊಡುತ್ತ, ಎದೆ ಬಿರಿಯುವಷ್ಟು ಅತ್ತಳು.

ಅತ್ತೆ ಎಣ್ಣೆಗೈಯಲ್ಲೇ ಓಡಿಬಂದಳು. "ಥೂ ಸಾಂದು, ಬುದ್ಧಿ ಇದೆಯೇನೇ ನಿಂಗೆ? ಸೂತಕದ ಮನೇಲಿ ಇದೇನೇ?" ಎಂದು ನೆಲದ ಮೇಲಿದ್ದ ಬಿಳಿ ಬಟ್ಟೆ ಎತ್ತಿಕೊಂಡಳು.

ಅಮ್ಮ ತಿರುಗದೆಯೇ ಆಕೆಯ ಕೈ ಹಿಡಿದಳು. "ಮುಚ್ಚಬೇಡಿ ಅತ್ತಿಗೆ. ಅಳೋರು ಬಂದಾಗ ಯಾರಾದ್ರೂ ಬಾಗಿಲು ಹಾಕ್ತಾರಾ?"

ಅತ್ತೆ ಎಣ್ಣೆಗೈಯಲ್ಲೇ ಬಟ್ಟೆ ಮಡಚಿದಳು. ಹಾಡು ಮುಗಿದು ಇನ್ನೊಂದು ಶುರುವಾಯಿತು. ಅಮ್ಮ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

"ತಿನ್ನೋಕೆ ಏನಾದ್ರೂ ತಾರೇ," ಅಂದಳು.

ಅಡುಗೆಮನೆಗೆ ಹೋದೆ. ನನಗಿನ್ನೂ ಅಳು ಬಂದಿರಲಿಲ್ಲ. ಅಮ್ಮನಿಗೆಂದು ತಟ್ಟೆಗೆ ಬಿಸಿ ಶೆಲ್ಪೆಕ್ ಹಾಕಿದೆ, ಹೊಟ್ಟೆ ಚುರುಗುಟ್ಟಿತು. ಒಂದನ್ನು ಮುರಿದು ಅಲ್ಲೇ ನಿಂತು ತಿಂದೆ. ಇಷ್ಟು ದಿನಗಳಲ್ಲಿ ಮೊದಲ ಸಲ ಬಾಯಿಗೆ ಉಪ್ಪು ಗೊತ್ತಾಯಿತು.