ಕಾಳಿನ ಡಬ್ಬಿಯ ಸದ್ದು

ಹೊಸ ಕ್ರೀಡಾಂಗಣದ ಉದ್ಘಾಟನೆಗೆ ಮೂವತ್ತು ಬಿಳಿ ಪಾರಿವಾಳ ಹಾರಿಸುವ ಕೆಲಸವನ್ನು ಅಣ್ಣನೇ ಒಪ್ಪಿಕೊಂಡು ಬಂದಿದ್ದ. ಅವನ್ನು ಸಾಕಿದ ತಂಗಿಯನ್ನು ಒಂದು ಮಾತು ಕೇಳಿರಲಿಲ್ಲ; ಕೇಳುವ ಜಾಯಮಾನ ಅವನದಲ್ಲ. ಎಲ್ಲರ ಬಾಯಲ್ಲೂ ‘ಪಾರಿವಾಳದಕ್ಕ’ ಆಗಿದ್ದ ಅವಳು ಬುಟ್ಟಿ ಹೊತ್ತು ಅವನ ಹಿಂದೆ ಬಂದಳು.

ಬೆಳಿಗ್ಗೆ ತಾಲೀಮಿಗೆಂದು ಬುಟ್ಟಿ ತೆರೆದದ್ದೇ ತಡ, ದೀಪದ ಕಂಬದ ಮೇಲಿಂದ ಗಿಡುಗವೊಂದು ಎರಗಿತು. ಮುಂದಿದ್ದ ಪಾರಿವಾಳದ ಕತ್ತು ಮುರಿದು ಕಂಬದ ಮೇಲಕ್ಕೆ ಒಯ್ದಿತು. ವೇದಿಕೆಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತು. ಉಳಿದವು ಎದ್ದೆವೋ ಬಿದ್ದೆವೋ ಎಂದು ಗ್ಯಾಲರಿಯ ತಗಡಿನ ಕೆಳಗೆ, ಕಬ್ಬಿಣದ ತೊಲೆಗಳ ಸಂದಿಗೆ ಸೇರಿಕೊಂಡವು.

“ಬಟ್ಟೆ ಬದಲಾಯಿಸ್ರೋ!” ಎಂದು ಮೇಲ್ವಿಚಾರಕ ಕೂಗಿದ. ಸತ್ತದ್ದರ ಚಿಂತೆ ಅವನಿಗೇಕೆ? “ಏನಮ್ಮಾ, ಇನ್ನೊಂದು ಗಂಟೇಲಿ ಅತಿಥಿಗಳು ಬರ್ತಾರೆ. ಅವನ್ನ ಇಳಿಸಿ ಬುಟ್ಟಿಗೆ ತುಂಬಿ.”

“ಆಗಲ್ಲ ಸಾರ್. ಆ ಕಡೆ ಕಂಬದ ಮೇಲೆ ಇನ್ನೊಂದು ಗಿಡುಗ ಕೂತಿದೆ ನೋಡಿ.”

ಅಣ್ಣನ ಮುಖ ಕೆಂಪಾಯಿತು. “ಹತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೀತೀಯೇನೇ? ಕೊಡೆ ಆ ಡಬ್ಬಿ!”

ಕಾಳಿನ ಡಬ್ಬಿ. ಅದನ್ನು ಅಲ್ಲಾಡಿಸದೆ ಅವಳು ಒಂದು ದಿನವೂ ಕಾಳು ಹಾಕಿದವಳಲ್ಲ. ಆ ಸದ್ದಿಗೆ ಅವು ಬೆಂಕಿಯೊಳಗಿಂದಲೂ ಬರುತ್ತವೆ. ಅವಳು ಡಬ್ಬಿಯನ್ನು ಎದೆಗವಚಿಕೊಂಡಳು. ಅಣ್ಣ ಕೆನ್ನೆಗೆ ಬಾರಿಸಿ, ಕಿತ್ತುಕೊಂಡು, ಜೋರಾಗಿ ಅಲ್ಲಾಡಿಸಿದ.

ಬಂದವು. ದಡ್ಡ ಜೀವಗಳು, ಎಲ್ಲವೂ ಬಂದವು. ಎರಡನೆಯ ಗಿಡುಗ ನಡುವೆ ನುಗ್ಗಿ ಒಂದನ್ನು ಗಾಳಿಯಲ್ಲೇ ಸೀಳಿ ಒಯ್ದಿತು.

ಅವಳು ಬುಟ್ಟಿಯ ಬಾಯಿಗೆ ಸಿಕ್ಕಿಸುವ ಕೋಲೆತ್ತಿ ಅಣ್ಣನ ಬಾಯಿಗೆ ಬೀಸಿದಳು. ಹಲ್ಲು ಮುರಿದ ಸದ್ದು ಕೇಳಿತು. ಡಬ್ಬಿ ಉರುಳಿ ಕಾಳು ಚೆಲ್ಲಿತು. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವಳು! ಅಯ್ಯೋ ಅನ್ನಲೂ ಪುರುಸೊತ್ತಿರಲಿಲ್ಲ.

ಪಾರಿವಾಳಗಳು ಅವಳ ಹೆಗಲಿಗೆ, ತಲೆಗೆ, ಕಾಲ ಬುಡಕ್ಕೆ ಬಂದು ಕೂತವು. ಇವಳ ಹತ್ತಿರ ಬಂದರೆ ಇನ್ನು ಭಯವಿಲ್ಲ ಎಂದುಕೊಂಡಿರಬೇಕು. ಮೇಲ್ವಿಚಾರಕ ಆಗಲೇ ಬುಟ್ಟಿಯ ಬಾಯಿ ತೆರೆದು ಹಿಡಿದಿದ್ದ. “ಹಾಕಿ, ಬೇಗ ಹಾಕಿ!”

ಬುಟ್ಟಿಗೆ ಹಾಕಿದರೆ ಇನ್ನೊಂದು ಗಂಟೆಗೆ ಮತ್ತೆ ಗಿಡುಗದ ಬಾಯಿಗೇ. ಹಿಡಿದದ್ದನ್ನು ತಿಂದು ಮುಗಿಸುವ ತನಕ ಗಿಡುಗಗಳು ಕೆಳಗೆ ನೋಡುವುದಿಲ್ಲ. ಪಾರಿವಾಳಗಳು ಮನೆ ಮುಟ್ಟಲು ಅಷ್ಟು ಹೊತ್ತು ಸಾಕು.

“ಹೋಗ್ರೇ! ಮನೆಗೆ ಹೋಗ್ರೇ!”

ಒಂದೂ ಕದಲಲಿಲ್ಲ. ಕೊಡವಿದರೆ ಮತ್ತೆ ಬಂದು ಕೂತವು. ಅವಳು ನೆಲದಿಂದ ಜಲ್ಲಿಕಲ್ಲು ಬಾಚಿಕೊಂಡು ಬೀಸತೊಡಗಿದಳು. ಒಂದರ ರೆಕ್ಕೆಗೆ ಬಿತ್ತು, ಇನ್ನೊಂದರ ಕಾಲಿಗೆ. ಬೆದರಿ ಗುಂಪು ಎದ್ದಿತು. ಮರಿಯಾಗಿದ್ದಾಗ ಅವಳ ಬಾಯಿಂದಲೇ ಕಾಳು ತಿಂದಿದ್ದ ಹೆಣ್ಣು ಪಾರಿವಾಳವೊಂದು ಮಾತ್ರ ಉಳಿಯಿತು. ಎದೆಗೆ ಕಲ್ಲು ಬಿದ್ದರೂ ಕುಂಟುತ್ತ ಅವಳ ಕಾಲ ಬಳಿಗೇ ಬಂತು.

ಅವಳು ಗೊಳೋ ಎಂದು ಅಳುತ್ತ, ಇನ್ನೂ ದೊಡ್ಡ ಕಲ್ಲೊಂದನ್ನು ಎತ್ತಿಕೊಂಡಳು.