ಕೈಂಡ್ ಅಂದರೇನು

ನ್ಯಾಮತಿಯ ಶಿವಮೂರ್ತಪ್ಪನಿಗೆ ಭೀಮಕ್ಕ ಎರಡನೆಯ ಹೆಂಡತಿಯಾಗಿ ಬಂದಾಗ ಸತ್ತ ಮೊದಲನೆಯವಳ ಮಗಳು ಹಾಲಮ್ಮ ತೊಟ್ಟಿಲ ಕೂಸು. ಆ ಕೂಸಿಗಾಗಿ ಭೀಮಕ್ಕ ಜೀವ ತೇದಳು. ಊರ ಬಾಯಿ ಸುಮ್ಮನಿರುತ್ತದೆಯೇ? 'ಅವಳು ನಿಮ್ಮವ್ವ ಅಲ್ಲ, ಚಿಕ್ಕವ್ವ' ಎಂದು ಯಾವಳೋ ಪುಣ್ಯಾತ್ಗಿತ್ತಿ ಕಲಿಸಿಕೊಟ್ಟಳು. ಹುಡುಗಿ ಅದನ್ನೇ ಹಿಡಿದುಕೊಂಡಳು.

ಎಪ್ಪತ್ತೊಂಬತ್ತರಲ್ಲಿ, ಹೊನ್ನಾಳಿ ಕಾಲೇಜಿಗೆ ಹೋಗುತ್ತಿದ್ದ ಹಾಲಮ್ಮನನ್ನು ನೋಡಲು ಜಗಳೂರಿನಿಂದ ಬ್ಯಾಂಕ್ ಗುಮಾಸ್ತನೊಬ್ಬ ಬಂದ. ಕಾಫಿ ತಂದಿಟ್ಟ ಭೀಮಕ್ಕನನ್ನು ನೋಡಿ 'ಇವರು?' ಎಂದ. 'ಚಿಕ್ಕವ್ವ. ವೆರಿ ಕೈಂಡ್' ಎಂದಳು ಹಾಲಮ್ಮ. ಸಂಬಂಧ ಕುದುರಿತು. ಆದರೆ ಸತ್ತವಳ ಅಣ್ಣ, ಧಾರೆ ಎರೆಯುವುದು ತಾನು ಮತ್ತು ತನ್ನ ಹೆಂಡತಿ ಎಂದು ಪಟ್ಟು ಹಿಡಿದ. ಶಿವಮೂರ್ತಪ್ಪನಿಗೆ ಯಾರ ಮನಸ್ಸನ್ನೂ ನೋಯಿಸುವ ಧೈರ್ಯ ಎಂದೂ ಇರಲಿಲ್ಲ. ಮಗಳೇ ಹೇಳಲಿ ಎಂದು ಕೈ ತೊಳೆದುಕೊಂಡ.

ಮಗಳ ಮನಸ್ಸಿನಲ್ಲೇನಿದೆ ಎಂದು ತಿಳಿಯಲು ಭೀಮಕ್ಕನಿಗೆ ಉಳಿದದ್ದು ಆ ಇಂಗ್ಲಿಷ್ ಮಾತೊಂದೇ. ಮರುದಿನ ಪಕ್ಕದ ಬೀದಿಯ ಇಂಗ್ಲಿಷ್ ಮೇಷ್ಟ್ರು ತಿಪ್ಪೇರುದ್ರಸ್ವಾಮಿಯನ್ನು ಕೇಳಿದಳು.

'ಕೈಂಡ್ ಅಂದ್ರೆ ದಯೆ ಇರೋರು' ಎಂದರು ಮೇಷ್ಟ್ರು.

'ದಯೆ ತೋರ್ಸೋದು ಹೊರಗಿನೋರಿಗಲ್ಲೇನ್ರಿ? ಹೆತ್ತವ್ವನ್ನ ಯಾರಾದ್ರೂ ದಯೆ ಇರೋರು ಅಂತಾರಾ?'

ಆಕೆಯ ಮುಖ ನೋಡಲಾಗದೆ ಮೇಷ್ಟ್ರು ಪದದ ಬೇರಿಗಿಳಿದರು. 'ಕಿನ್ ಅಂತ ಇನ್ನೊಂದು ಪದ ಐತೆ. ಅಂದ್ರೆ ರಕ್ತಸಂಬಂಧಿಗಳು. ಕೈಂಡ್ ಅದರ ಒಡಹುಟ್ಟು. ಮೊದಲು ಅದಕ್ಕೆ ಹುಟ್ಟಿನಿಂದ ಬಂದದ್ದು, ಕುಲಕ್ಕೆ ಸೇರಿದ್ದು ಅಂತ ಅರ್ಥ. ನಮ್ಮೋರನ್ನ ನೋಡ್ಕಂಡಂಗೆ ನೋಡ್ಕಳೋದೇ ಆಮೇಲೆ ದಯೆ ಆತು.'

'ಹಂಗಾರೆ ನಮ್ಮೋಳು ಅಂದಂಗೇ ಆತಲ್ರಿ' ಎಂದಳು ಭೀಮಕ್ಕ. ಬಹಳ ದಿನಗಳ ಮೇಲೆ ಅವಳ ಮುಖ ಅರಳಿತ್ತು.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಮೇಷ್ಟ್ರ ಗಂಟೇನೂ ಹೋಗುತ್ತಿರಲಿಲ್ಲ. ಪಾಠ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ ನೋಡಿ. 'ಆ ಅರ್ಥ ಸತ್ತು ಯಾವ ಕಾಲ ಆತೋ. ಈಗಿನ ಹುಡುಗ್ರಿಗೆ ಗೊತ್ತಿರಲ್ಲ' ಎಂದರು.

ಮನೆಗೆ ಬಂದಾಗ ಹಾಲಮ್ಮ ಅಪ್ಪನೊಂದಿಗೆ ಮಾತಾಡುತ್ತಿದ್ದಳು. ಭೀಮಕ್ಕ ಹೊಸ್ತಿಲಲ್ಲೇ ನಿಂತಳು.

'ಧಾರೆ ಮಾವ ಅತ್ತೇನೇ ಎರೀಲಿ ಬಿಡಪ್ಪ. ಚಿಕ್ಕವ್ವ ಏನೂ ಅನ್ಕಳಲ್ಲ. ಅವರು ಬಾಳ ಒಳ್ಳೇರು.'