ಮೂವತ್ತೆಂಟು ಶ್ರೀಕಾರ

ನಮ್ಮ ಸಾಹುಕಾರರು ಪರಮಶಿವಯ್ಯನವರು ಗುಬ್ಬಿಯಲ್ಲಿ ಇಪ್ಪತ್ತೆರಡು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದವರು. ಈಗ ಸತ್ಯಮಂಗಲದ ಶೆಡ್ಡಿನಲ್ಲಿ ಪುಟ್ಟ ಪೆಟ್ಟಿಗೆಗಳನ್ನು ಮಾಡಿಸುತ್ತಾರೆ. ಪಂಪ್‌ಸೆಟ್ ಓಡುತ್ತಿದೆಯೋ ಕೆಟ್ಟು ಕೂತಿದೆಯೋ ಎಂದು ಅವು ಮೊಬೈಲಿಗೆ ತಿಳಿಸುತ್ತವೆ. ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸುವುದು ಹೇಗೆ ಎಂದು ವೆಬ್‌ಸೈಟಿನಲ್ಲಿ ಬರೆಯುವುದು ನನ್ನ ಕೆಲಸ. ನಾಲ್ಕು ಸಾಲು ವಿವರಣೆ, ಅದರ ಕೆಳಗೊಂದು ಬೂದು ಬಣ್ಣದ ಚೌಕ, ಚೌಕದೊಳಗೆ ಕೋಡ್. ಓದುವವರು ಅದನ್ನು ಕಾಪಿ ಮಾಡಿ ತಮ್ಮಲ್ಲಿ ಅಂಟಿಸಿಕೊಂಡರೆ ಓಡಬೇಕು, ಅಷ್ಟೇ. ಆದರೆ ಅಷ್ಟಕ್ಕೇ ಬಿಡುವ ಜಾಯಮಾನ ನಮ್ಮ ಸಾಹುಕಾರರದಲ್ಲ.

ಮೊದಲ ದಿನವೇ ನನ್ನ ಪುಟ ನೋಡಿ ಮುಖ ಕಿವುಚಿದರು.

"ಏನಮ್ಮ ನೇತ್ರಾವತಿ, ಒಂದು ಸಾಲು ಒಳಗೈತೆ, ಒಂದು ಸಾಲು ಹೊರಗೈತೆ. ನೋಡಕ್ಕೆ ಲಕ್ಷಣ ಬ್ಯಾಡ್ವಾ? ಎಲ್ಲಾನೂ ಮಧ್ಯಕ್ಕೆ ತಗೊಂಬಾ."

"ಸಾರ್, ಇದು ಲಗ್ನಪತ್ರಿಕೆ ಅಲ್ಲ. ಆ ಜಾಗ ಸರಿದ್ರೆ ಕೋಡ್ ಓಡಲ್ಲ."

ಮೂರು ದಿನ ಕಿತ್ತಾಡಿ ಅದರಲ್ಲಿ ಗೆದ್ದೆ. ಚೌಕದ ಸುತ್ತ ಮಾವಿನೆಲೆಯ ಬಾರ್ಡರ್ ಬರುವುದನ್ನೂ ತಪ್ಪಿಸಿದೆ. ಸೋತದ್ದು ಶ್ರೀಕಾರದ ಮುಂದೆ. ಅವರ ಪ್ರೆಸ್ಸಿನಿಂದ ಮೇಲೆ 'ಶ್ರೀ' ಇಲ್ಲದ ಒಂದು ಕಾಗದವೂ ಆಚೆ ಹೋದದ್ದಿಲ್ಲವಂತೆ. ಪುಟದ ನೆತ್ತಿಗೆ ಒಂದು ಸಲ ಹಾಕುತ್ತೇನೆ ಎಂದೆ. ಒಂದೊಂದು ಚೌಕವೂ ಒಂದೊಂದು ಕಾಗದವಂತೆ, ಎಲ್ಲದರ ಮೊದಲ ಸಾಲೂ 'ಶ್ರೀ' ಆಗಲೇಬೇಕಂತೆ.

"ಹಂಗಾದ್ರೆ ಅದ್ರ ಮುಂದೆ ಒಂದು ಹ್ಯಾಶ್ ಗುರುತು ಹಾಕ್ತೀನಿ ಸಾರ್. ಆಗ ಕಂಪ್ಯೂಟರು ಆ ಸಾಲು ಓದ್ದೆ ಮುಂದಕ್ಕೆ ಹೋಗುತ್ತೆ."

"ಭಗವಂತನ ಹೆಸ್ರನ್ನ ಓದ್ದೆ ಹೋಗೋದಾ? ಎಂಥಾ ಮಾತಾಡ್ತೀಯಮ್ಮ, ಬಿಡ್ತು ಅನ್ನು!"

ಬಿಡ್ತು ಅಂದೆ. ಅನ್ನದೆ ಏನು ಮಾಡಲಿ? ಆರು ತಿಂಗಳ ಪ್ರೊಬೇಷನ್ ಮೇಲಿದ್ದೆ. ಎರಡು ವರ್ಷದಲ್ಲಿ ಇದು ನನ್ನ ಮೂರನೇ ಕೆಲಸ, ಇದೂ ಹೋದರೆ ಕುಣಿಗಲ್ಲಿನಲ್ಲಿ ಅಮ್ಮನಿಗೆ ಮುಖ ತೋರಿಸುವುದು ಹೇಗೆಂದು ದಿಗಿಲಾಗುತ್ತಿತ್ತು.

ಆಶ್ಚರ್ಯವೆಂದರೆ ಐದು ತಿಂಗಳು ಯಾರೂ ಚಕಾರ ಎತ್ತಲಿಲ್ಲ. ನಮ್ಮ ಗಿರಾಕಿಗಳೆಲ್ಲ ಗುಬ್ಬಿ, ಬೆಳ್ಳಾವಿ ಕಡೆಯವರು. 'ಶ್ರೀ' ಕಂಡರೆ ಮನಸ್ಸಿನಲ್ಲೇ ಕೈಮುಗಿದು, ಅದರ ಕೆಳಗಿನದನ್ನಷ್ಟೇ ಕಾಪಿ ಮಾಡಿಕೊಳ್ಳುತ್ತಿದ್ದರು. ಅವರ ಮನೆಯ ಸಾಮಾನು ಚೀಟಿಯ ಮೇಲೂ ಶ್ರೀಕಾರ ಇರುವಾಗ ಇದನ್ನು ಯಾರಾದರೂ ಬಿಡಿಸಿ ಹೇಳಬೇಕೇ?

ಆರನೇ ತಿಂಗಳಲ್ಲಿ ಬೆಂಗಳೂರಿನ ಒಂದು ದೊಡ್ಡ ಕಂಪನಿ ನಮ್ಮ ಪೆಟ್ಟಿಗೆಯನ್ನು ಪರೀಕ್ಷೆಗೆ ತೆಗೆದುಕೊಂಡಿತು. ಅಲ್ಲಿ ನನ್ನ ಪುಟ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಶನಿವಾರವೇ ಕೊನೆಯ ದಿನ ಎಂದು ಸಾಹುಕಾರರು ಸಾರಿದರು. ಅಲ್ಲಿನ ಇಂಜಿನಿಯರ್ ಪಲ್ಲವಿ ಎಂಬಾಕೆ ಒಂದು ಸಾಲನ್ನೂ ಓದಲಿಲ್ಲ. ಮೂವತ್ತೆಂಟು ಚೌಕಗಳನ್ನೂ ಕಂಪ್ಯೂಟರಿನ ಕೈಲೇ ಕಾಪಿ ಮಾಡಿಸಿ ಓಡಿಸಿದಳು. ಮೂವತ್ತೆಂಟೂ ಮಕಾಡೆ ಮಲಗಿದವು. ಬುಧವಾರ ಮೇಲ್ ಬಂತು, ಒಂದು ಉದಾಹರಣೆಯೂ ಕೆಲಸ ಮಾಡುತ್ತಿಲ್ಲ ಎಂದು.

ಸಾಹುಕಾರರು ಎಲ್ಲರ ಮುಂದೆ ನನ್ನ ಕಡೆ ತಿರುಗಿದರು. "ಬರೆದೋಳು ನೀನೇ ತಾನೇ?"

ನನಗೆ ಮೈಯೆಲ್ಲ ಉರಿದುಹೋಯಿತು. "ಶ್ರೀ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ನಾನೇ ಸಾರ್. ಬನ್ನಿ, ನೀವೇ ಕಾಪಿ ಮಾಡಿ ನೋಡಿ."

ಅವರೇ ಕೂತು ಮೊದಲ ಚೌಕವನ್ನು ಅಂಟಿಸಿ ಓಡಿಸಿದರು. ಮೊದಲನೇ ಸಾಲಿನಲ್ಲೇ ತಪ್ಪಿದೆ ಎಂದು ಪರದೆ ಕೆಂಪಗೆ ಬೈಯಿತು. ಎರಡನೆಯದಕ್ಕೂ ಅದೇ ಬೈಗುಳ. ಐದು ಸಲ ಬೈಸಿಕೊಂಡ ಮೇಲೆ ಕನ್ನಡಕ ತೆಗೆದರು.

"ಇದ್ಕೆ ಶ್ರೀ ಅಂದ್ರೇನಂತ್ಲೂ ಗೊತ್ತಿಲ್ವೇನಮ್ಮ?"

"ಇಲ್ಲ ಸಾರ್. ಪಾಪ, ಅದನ್ನ ಯಾರೂ ಗುಬ್ಬಿಗೆ ಕರ್ಕೊಂಡೋಗಿಲ್ಲ."

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ನಾಲಿಗೆ ಉದ್ದವಾಯಿತು ಎಂದು ಗೊತ್ತಾಯಿತು. ಇನ್ನು ಶನಿವಾರದವರೆಗೂ ಇಟ್ಟುಕೊಳ್ಳುವುದಿಲ್ಲ ಎಂದುಕೊಂಡು ಊಟದ ಡಬ್ಬಿಯನ್ನು ಬ್ಯಾಗಿಗೆ ತುರುಕತೊಡಗಿದೆ.

"ಎಲ್ಲಿಗೆ? ಕೂತ್ಕೋ. ಇದನ್ನ ತೆಗಿಯೋದು ಹೆಂಗೆ, ತೋರ್ಸು."

"ನಾನೇ ತೆಗೀತೀನಿ ಸಾರ್. ಎಲ್ಲಾ ಸೇರಿ ಒಂದ್ನಿಮಿಷದ ಕೆಲ್ಸ."

"ಬ್ಯಾಡ. ಹಾಕ್ಸಿದೋನು ನಾನು. ಪಾಪ ಬಂದ್ರೆ ನಂಗೇ ಬರ್ಲಿ, ನಿಂಗ್ಯಾಕೆ?"

ಕೈ ತೊಳೆದುಕೊಂಡು ಬಂದರು. ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟರು. ಒಂದೇ ಬೆರಳಿನಲ್ಲಿ, ಒಂದೊಂದಕ್ಕೂ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ, ಮೂವತ್ತೆಂಟು ಶ್ರೀಕಾರಗಳನ್ನೂ ಅಳಿಸಿದರು. ಅದಕ್ಕೆ ಒಂದು ಗಂಟೆಯ ಮೇಲಾಯಿತು. ಐದು ತಿಂಗಳಿಂದ ಬೈಯಲೆಂದು ಕೂಡಿಟ್ಟಿದ್ದ ಮಾತುಗಳನ್ನು ಬದಿಗಿಟ್ಟು, ಮುಂದಿನ ಚೌಕ ಎಲ್ಲಿದೆಯೆಂದು ತೋರಿಸುತ್ತ ಹೋದೆ.

ಆಮೇಲೆ ನಾನು ಎಲ್ಲವನ್ನೂ ಓಡಿಸಿ ನೋಡಿದೆ. ಎಲ್ಲವೂ ಓಡಿದವು. ಸಾಹುಕಾರರು ಪಲ್ಲವಿಗೆ ತಾವೇ ಫೋನು ಮಾಡಿ, ಸ್ಪೀಕರ್ ಹಾಕಿದರು.

"ಮೇಡಂ, ಪುಟ ಸರಿ ಮಾಡಿದೀವಿ. ಇನ್ನೊಂದ್ಸಲ ಪರೀಕ್ಷೆ ಮಾಡಿ."

"ಮಾಡ್ತೀನಿ ಸರ್. ಆದ್ರೆ ಇಂಥ ತಪ್ಪು ಹೆಂಗಾಯ್ತು? ಬರೆದಿರೋರು ಹೊಸಬ್ರಾ?"

ಸಾಹುಕಾರರು ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ.

"ಬರೆದಿರೋರು ನಮ್ಮ ಕಾಯಂ ನೌಕರ್ರೇ ಮೇಡಂ, ಅವ್ರದ್ದೇನೂ ತಪ್ಪಿಲ್ಲ. ಹೊಸಬ ನಾನು."